ಉಪಚಾರದ ಮಾತುಗಳ ನಂತರ

ತಂಜೋಂಗ್ ಸೆರಾಯ್,
ಆಗಸ್ಟ್ ೧೧, ೧೮೯೬

ಸಮುದ್ರದ ನಡುವಿನ ದಿಣ್ಣೆಯ ಮೇಲೆ ವಾಸವಾಗಿರುವ, ನೈರುತ್ಯದ ಗಾಳಿ ಅಡಗಿದ ಮೇಲೆ ಬರುವ ಮೊದಲ ಹಡಗನ್ನು ಎಲ್ಲರಿಗಿಂತ ಮುಂಚೆ ಕಾಣುವ, ತನ್ನ ಬಾಗಿಲ ಮುಂದೆ ಚಪ್ಪಲಿ ಬಿಟ್ಟು ನಿಂತವನನ್ನು ಒಳಗೆ ಕರೆಯುವುದನ್ನೂ ಕರೆಯದಿರುವುದನ್ನೂ ತನ್ನ ಕೈಯಲ್ಲೇ ಇಟ್ಟುಕೊಂಡಿರುವ, ತಂದೆಯ ಕೈಬರಹವನ್ನು ಹತ್ತು ಮಾರು ದೂರದಿಂದಲೇ ಗುರುತಿಸಬಲ್ಲ, ಆ ತಂದೆಯ ಸಮಾಧಿಯ ಮಗ್ಗುಲಲ್ಲಿ ತಪ್ಪಿತಸ್ಥನೊಬ್ಬ ಮಂಡಿಯೂರಲು ಬೇಕಾದಷ್ಟು ನೆಲಕ್ಕೆ ಒಡತಿಯಾದ, ಗೌರವಾನ್ವಿತ ಕಲ್ಸೋಮ್ ಬಿಂತಿ ಹಾಜಿ ಸಮಾನ್ ಅವರಿಗೆ, ಅವರ ಹೆಸರಿನ ಕೆಳಗೆ ತನ್ನ ಮೊಹರನ್ನು ಒತ್ತಿರುವ ಜಮಾಲುದ್ದೀನ್ ಮಾಡುವ ಸಲಾಮುಗಳು.

ನಗಬೇಡ ಕಲ್ಸೋಮ್. ಹೆಂಡತಿಗೆ ಬರೆಯುವ ಕಾಗದಕ್ಕೆ ಇಷ್ಟುದ್ದದ ತಲೆ, ಇಷ್ಟೊಂದು ಬಿರುದಿನ ಒಕ್ಕಣೆ ಯಾಕೆ ಎಂದು ನೀನು ಮೂಗು ಮುರಿಯುತ್ತೀ, ಗೊತ್ತು. ನಿಮ್ಮಪ್ಪನ ಹತ್ತಿರ ಎಂಟು ವರ್ಷ ಕಲಿತವನಿಗೆ ತಲೆಯಿಲ್ಲದ ಕಾಗದ ಬರೆಯಲು ಕೈ ಏಳುವುದಿಲ್ಲ, ಅಷ್ಟೇ. ಅದನ್ನು ಬಿಟ್ಟು ಮುಂದಕ್ಕೆ ಓದು.

ನೀನು ಒಂಬತ್ತು ವರ್ಷದ ಹಿಂದೆ ಬರೆದ ಕಾಗದ ನನ್ನ ಮಸಿಪೆಟ್ಟಿಗೆಯ ಕೆಳಗೇ ಇದೆ. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿದೆ. ಅಪ್ಪ ತೀರಿಕೊಂಡರು ಎಂದು ನೀನು ಬರೆದಿದ್ದೆ. ಕೊನೆಯ ದಿನಗಳವರೆಗೂ, ದ್ವೀಪಕ್ಕೆ ನಾಲ್ಕಕ್ಷರ ಬಲ್ಲವರು ಯಾರು ಬಂದರೂ, ಅರಬ್ಬೀ ವ್ಯಾಪಾರಿಯಾಗಲಿ, ಸೂರತ್ತಿನ ಅಂಗಡಿ ಗುಮಾಸ್ತನಾಗಲಿ, ಅವರನ್ನು ಕೂರಿಸಿ ಎಲೆಯಡಿಕೆ ಕೊಟ್ಟು, ಗವರ್ನರಿಗೆ ತಾವು ಬರೆದ ಆ ಹಳೆಯ ಕಾಗದದ ತಲೆಯನ್ನು ಬಾಯಿಪಾಠ ಒಪ್ಪಿಸುತ್ತಿದ್ದರೆಂದೂ, "ಎಲ್ಲಿ ತಪ್ಪಿದೆ ಹೇಳಿ ನೋಡೋಣ" ಎಂದು ಕೇಳುತ್ತಿದ್ದರೆಂದೂ ಬರೆದಿದ್ದೆ. ತಪ್ಪೇನೂ ಇಲ್ಲ ಎಂದವರನ್ನು ಕಂಡರೆ, "ಪಾಪ, ಮುದುಕನ ಮನಸ್ಸು ನೋಯಿಸಬಾರದು ಅಂತ ಹಾಗಂತಾರೆ" ಎನ್ನುತ್ತಿದ್ದರಂತೆ. ಕಡೆಗೆ, ಗಂಡನನ್ನು ಕರೆಯುವ ಆ ಹಳೆಯ ಮಾತಿನಲ್ಲೇ ಕರೆದು, ನನಗೆ ಒಂದೇ ಒಂದು ಪ್ರಶ್ನೆ ಹಾಕಿದ್ದೆ. "ಅಬಾಂಗ್, ಆ ಕಾಗದ ಓದಿದವರು ನೀವು. ತಪ್ಪು ಎಲ್ಲಿತ್ತು ಅಂತ ತಿಳಿಸಿ. ಅಪ್ಪನ ಸಮಾಧಿ ಹತ್ರ ಹೋಗಿ ಹೇಳ್ತೀನಿ."

ಆ ಪ್ರಶ್ನೆಗೆ ಇದು ಉತ್ತರ. ಒಂಬತ್ತು ವರ್ಷ ತಡವಾಯಿತು ಎನ್ನಲು ನಾಚಿಕೆಯಾಗುತ್ತದೆ. ಎಷ್ಟು ಸಲ ಕೂತು ಬರೆದು ಹರಿದೆನೋ ದೇವರಿಗೇ ಗೊತ್ತು.

ನಿನಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ. ಬೇಸರ ಮಾಡಿಕೊಳ್ಳಬೇಡ. ನಮ್ಮ ಸುಲ್ತಾನರ, ತುಂಕು ಅವರ, ಕಣ್ಣು ಮಂಜಾಗಿದೆಯೆಂದೂ, ಅವರಿಗೆ ಬಂದದ್ದನ್ನೆಲ್ಲ ನೀನೇ ಓದಿ ಹೇಳುತ್ತೀಯೆಂದೂ ಕೇಳಿದ್ದೇನೆ. ಇದನ್ನೂ ಅವರಿಗೆ ಓದಿ ಹೇಳು. ಜೊತೆಗೆ ಅಲ್ಲೇ ಹುಟ್ಟಿ ಬೆಳೆದು, ನಮ್ಮ ನಾಡಿನ ರೆಂಗಸ್ ಹೊಳೆಯನ್ನು ಒಮ್ಮೆಯೂ ಕಾಣದ ಮಕ್ಕಳು ಕೂತಿರುತ್ತಾರಲ್ಲ, ಅವರೂ ಕೇಳಲಿ.

ಎಂಬತ್ತೊಂದನೆಯ ಇಸವಿಯಲ್ಲಿ ಸುಲ್ತಾನರ ಚಿಕ್ಕಪ್ಪ ರಾಜಾ ಬೊಂಗ್ಸುವಿನ ಜನ ಹೊಳೆಬಾಯಿಯ ಸುಂಕದ ಕಟ್ಟೆಗೆ ಬೆಂಕಿ ಹಾಕಿದರು. ಆಗ ಇಲ್ಲಿ ಗವರ್ನರ್ ಆಗಿದ್ದವರು ಸರ್ ಎವರಾರ್ಡ್ ಥಾರ್ಲಿ. ನಾನು ಅವರ ಮಲಯ ಮುನ್ಷಿ. ಥಾರ್ಲಿ ಸಾಹೇಬರು ಸುಲ್ತಾನರಿಗೆ ಕಾಗದ ಕಳಿಸಿದರು: ಚಿಕ್ಕಪ್ಪನನ್ನು ಒಪ್ಪಿಸಬೇಕು, ನಮ್ಮ ರೆಸಿಡೆಂಟನ ಮಾತು ಕೇಳಿಕೊಂಡು ಆಳಬೇಕು, ಇಲ್ಲವಾದರೆ ಗಾದಿ ಬಿಡಬೇಕು. ಆ ಕಾಗದವನ್ನು ಮಲಯ ಭಾಷೆಗೆ ತಿರುಗಿಸಿದವನೂ ನಾನೇ.

ಉತ್ತರ ಬರೆದವರು ಸುಲ್ತಾನರ ಲೇಖಕರಾದ ನಿಮ್ಮಪ್ಪ. ಆಸ್ಥಾನದಲ್ಲಿ ಏನು ನಡೆಯಿತು ಎಂಬುದನ್ನು ನೀನೇ ಆ ಕಾಗದದಲ್ಲಿ ಬರೆದಿದ್ದೆ. ಕಾಗದಕ್ಕೆ ಮೊಹರು ಬೀಳುವ ಮುಂಚೆ ನಾಯಕರೆಲ್ಲರ ಎದುರು ಅದನ್ನು ಗಟ್ಟಿಯಾಗಿ ಓದಬೇಕಿತ್ತು. ರಾಜಾ ಬೊಂಗ್ಸು ಸೊಂಟದಲ್ಲಿ ಕಠಾರಿ ಸಿಕ್ಕಿಸಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದ. ಇಪ್ಪತ್ತೊಂಬತ್ತು ವರ್ಷದ ಸುಲ್ತಾನರು "ನಾನು ಸೋತೆ, ಚಿಕ್ಕಪ್ಪನನ್ನು ಕೊಡುತ್ತೇನೆ" ಎಂದು ಹೇಗೆ ತಾನೇ ಹೇಳಿಸಿಯಾರು? ಅದಕ್ಕೇ ಅಲ್ಲವೇ ಕಾಗದಕ್ಕೆ ತಲೆ ಇರುವುದು. ಒಡಲಿನಲ್ಲಿ ಹೇಳಲಾಗದ್ದನ್ನೆಲ್ಲ ನಿಮ್ಮಪ್ಪ ತಲೆಯಲ್ಲಿ ಇಟ್ಟರು. ಅದುವರೆಗಿನ ಪ್ರತಿಯೊಂದು ಕಾಗದದಲ್ಲೂ ಗವರ್ನರನ್ನು "ಗೆಳೆಯ" ಎಂದವರು ಆ ದಿನ "ತಂದೆ" ಎಂದರು. ಯಾರ ಕೊಡೆಯ ನೆರಳಲ್ಲಿ ಈ ಮಗು ನಿಂತಿದೆಯೋ, ಯಾರು ಕಳಿಸುವ ಗುರುವಿನ ಮಾತನ್ನು ಈ ಮಗು ಚಾಪೆಯ ಮಗ್ಗುಲಲ್ಲಿ ಕೂರಿಸಿಕೊಂಡು ಕೇಳುವುದೋ, ಯಾರು ಮನೆಯ ಹಿರಿಯರ ತಪ್ಪನ್ನು ಮನ್ನಿಸಿ ಅವರನ್ನು ತಮ್ಮ ಕಾವಲಿಗೆ ತೆಗೆದುಕೊಳ್ಳುವರೋ, ಅಂಥವರಿಗೆ ಎಂದು ಬರೆದರು. ಸುಲ್ತಾನರ ಮೊಹರನ್ನು ಗವರ್ನರರ ಹೆಸರಿಗಿಂತ ಕೆಳಗೆ ಒತ್ತಿದರು. ನಮ್ಮ ನಾಡಿನಲ್ಲಿ ಇದರ ಅರ್ಥ ಶರಣಾದೆ ಎಂದು ಮೀನು ಮಾರುವವಳೂ ಹೇಳಿಯಾಳು. ಎಲ್ಲರಿಗೂ ಅರ್ಥವಾಗುತ್ತದೆ, ಆದರೆ ಯಾರೂ ಕೇಳಿಸಿಕೊಂಡಂತೆ ತೋರಿಸಿಕೊಳ್ಳಬೇಕಾಗಿಲ್ಲ. ರಾಜಾ ಬೊಂಗ್ಸು ಕೂಡ ಪೂರ್ತಿ ಕೇಳಿ, ಅಡಿಕೆ ಅಗಿಯುತ್ತಾ, "ತಲೆ ಚೆನ್ನಾಗಿದೆ" ಎಂದಷ್ಟೇ ಹೇಳಿ ಎದ್ದು ಹೋದನಂತೆ. ಅಂದರೆ ಅವನೂ ಒಪ್ಪಿದ.

ಸುಲ್ತಾನರು ಆಮೇಲೆ ನಿಮ್ಮಪ್ಪನನ್ನು ಕರೆದು, "ಬಿಳಿಯರಿಗೆ ಇದು ತಿಳಿಯುತ್ತಾ ಹಾಜಿ?" ಎಂದು ಕೇಳಿದ್ದು, ಅದಕ್ಕೆ ನಿಮ್ಮಪ್ಪ, "ಗವರ್ನರ್ ಮನೇಲಿ ನನ್ನ ಅಳಿಯ ಇದಾನೆ ತುಂಕು, ತಲೆ ಓದೋದನ್ನ ಅವನಿಗೆ ನಾನೇ ಕಲಿಸಿದ್ದು" ಎಂದದ್ದು, ಇದೂ ನಿನ್ನ ಕಾಗದದಲ್ಲೇ ಇದೆ. ಆ ಸಾಲಿನ ಮೇಲೆ ನನ್ನ ಕಣ್ಣು ನಿಲ್ಲುವುದಿಲ್ಲ.

ಈಗ ನಮ್ಮ ಕಚೇರಿಯ ಪದ್ಧತಿ ಕೇಳು. ವಾರಕ್ಕೆ ನಲವತ್ತು ಮಲಯ ಕಾಗದ ಬರುತ್ತಿದ್ದವು. ದೋಣಿಯ ಪರವಾನಗಿ, ಎಮ್ಮೆ ಕಳವು, ಗಡಿ ಕಲ್ಲು. ಪ್ರತಿಯೊಂದಕ್ಕೂ ಗವರ್ನರ್ ಎಂದರೆ ಸೂರ್ಯ, ಚಂದ್ರ, ಮಹಾಸಾಗರ ಎನ್ನುವ ತಲೆ. ಅದನ್ನೆಲ್ಲ ಇಂಗ್ಲಿಷಿಗೆ ತಿರುಗಿಸುತ್ತಾ ಕೂತರೆ ಸಾಹೇಬರಿಗೆ ಓದಲು ಪುರಸೊತ್ತೆಲ್ಲಿ? ನನಗಿಂತ ಮುಂಚಿನ ಮುನ್ಷಿಗಳು ಒಂದು ರೂಢಿ ಮಾಡಿಟ್ಟಿದ್ದರು. ತಲೆಯನ್ನು ಪೂರ್ತಿ ಬಿಟ್ಟು, "ಉಪಚಾರದ ಮಾತುಗಳ ನಂತರ" ಎಂದು ಬರೆದು, ನೇರ ಒಡಲಿಗೆ ಇಳಿಯುವುದು. ನಾನು ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದ ಮೂರು ಪದ ಎಂದರೆ ಅವೇ.

ಸುಲ್ತಾನರ ಉತ್ತರ ಹಳದಿ ರೇಷ್ಮೆಯ ಚೀಲದಲ್ಲಿ, ಬೆಳ್ಳಿ ತಟ್ಟೆಯಲ್ಲಿ, ಕೊಡೆಯ ಕೆಳಗೆ ಬಂತು. ತಟ್ಟೆ ಹಿಡಿದು ಬಂದವರು ನಿಮ್ಮಪ್ಪನೇ. ನನ್ನ ಕೈಗೆ ಕೊಡುವಾಗ ಮುಗುಳ್ನಕ್ಕರು. ಆ ದಿನ ವಿಲಾಯಿತಿಗೆ ಟಪಾಲು ಹಡಗು ಹೊರಡುವುದಿತ್ತು. ಒಂದು ಗಂಟೆಯೊಳಗೆ ಅನುವಾದ ಬೇಕೆಂದು ಗವರ್ನರರ ಸೆಕ್ರೆಟರಿ ನನ್ನ ತಲೆಯ ಮೇಲೇ ನಿಂತಿದ್ದ. ನಾನು "ಉಪಚಾರದ ಮಾತುಗಳ ನಂತರ" ಎಂದು ಬರೆದೆ. ಕೆಳಗೆ ಒಡಲು: ತಮ್ಮ ಕಾಗದ ತಲುಪಿತು, ಚಿಕ್ಕಪ್ಪನವರಿಗೆ ವಯಸ್ಸಾಗಿದೆ, ಸುಟ್ಟುಹೋದ ಕಟ್ಟೆ ಬಿದಿರಿನದು, ಈ ವರ್ಷ ಹೊಳೆಯಲ್ಲಿ ನೀರು ಹೆಚ್ಚು.

ತಲೆ ಕಡಿದ ಮೇಲೆ ಒಡಲು ಹೇಗೆ ಕಾಣುತ್ತದೆ ಹೇಳು! ಥಾರ್ಲಿ ಸಾಹೇಬರು ಓದಿ ಕೆಂಪಗಾದರು. "ಬಿದಿರಿಂದು ಅಂತೆ! ನನ್ನ ಕಟ್ಟೆ ಸುಟ್ಟು ಹಾಕಿ, ಅದು ಬಿದಿರಿಂದು ಅಂತ ನನಗೇ ಪಾಠ ಹೇಳ್ತಾನಾ?" ಎಂದು ಕೂಗಾಡಿದರು. ಅವತ್ತೇ ತಂತಿ ಹೋಯಿತು: ಸುಲ್ತಾನನ ಉತ್ತರ ಉದ್ಧಟತನದ್ದು, ಗಾದಿಯಿಂದ ಇಳಿಸಲು ಅಪ್ಪಣೆ ಬೇಕು.

ಲಂಡನ್ನಿನವರಿಗೆ ಅದು ಬೇಡವಾಗಿತ್ತು. ಇದನ್ನು ನಿಮ್ಮ ದ್ವೀಪದಲ್ಲಿ ಯಾರೂ ನಂಬಲಾರರು, ಆದರೆ ನಿಜ. ಒಂದಾದ ಮೇಲೊಂದು ತಂತಿ ಬಂದವು. ಆತುರ ಬೇಡ, ಮತ್ತೊಮ್ಮೆ ಕೇಳಿ ನೋಡಿ, ಮಂತ್ರಿಗಳಿಗೆ ಇನ್ನೊಂದು ರಾಜ್ಯ ನುಂಗುವ ಹಸಿವಿಲ್ಲ. ಇಲ್ಲಿಂದ ಹೋದ ತಂತಿಗಳು ಹೋದ ಹಾಗೆಲ್ಲ ಬಿಸಿಯಾದವು. ಕೊನೆಗೆ, ನೀವೇ ಬನ್ನಿ, ಕೂತು ಮಾತಾಡೋಣ ಎಂದು ಕರೆ ಬಂತು. ಸಾಹೇಬರು ನನ್ನನ್ನೂ ಜೊತೆಗೆ ಕರೆದುಕೊಂಡು ಹೊರಟರು. ಮೂಲ ಕಾಗದ, ಅದರ ರೇಷ್ಮೆ ಚೀಲದ ಸಮೇತ, ನನ್ನ ಪೆಟ್ಟಿಗೆಯಲ್ಲಿತ್ತು. ನೀನು ಬಂದರಿನಲ್ಲಿ ನಿಂತು, "ಲಂಡನ್ನಿನಲ್ಲಿ ಉಪ್ಪು ಮೀನು ಸಿಗಲ್ಲ" ಎಂದು ನನ್ನ ಕೈಗೆ ಒಂದು ಗಂಟು ತುರುಕಿದ್ದೆ. ಹಡಗಿನವರು ವಾಸನೆ ತಾಳಲಾರದೆ ಅದನ್ನು ಮೂರನೆಯ ದಿನವೇ ಸಮುದ್ರಕ್ಕೆ ಎಸೆದರು. ನಾನು ನಿನಗೆ, ಕೊನೆಯ ತುಂಡಿನವರೆಗೂ ತಿಂದೆ ಎಂದು ಬರೆದಿದ್ದೆ. ನೋಡು, ಆಗಿನಿಂದಲೇ ಶುರು.

ಏಡನ್ ಹತ್ತಿರ ಬರುವಾಗ ಹೊತ್ತು ಹೋಗದೆ ಪೆಟ್ಟಿಗೆ ತೆಗೆದು ಆ ಕಾಗದ ಓದಿದೆ. ತಲೆಯನ್ನು ಓದಿದ್ದು ಆಗಲೇ. "ತಂದೆ" ಎಂಬ ಮಾತು ಕಂಡಿತು. ಮೊಹರು ಎಲ್ಲಿದೆ ನೋಡಿದೆ. ಸೂಯೆಜ್ ತಲುಪುವಷ್ಟರಲ್ಲಿ ಸಾಹೇಬರಿಗೆ ಹೇಳಿಬಿಡಬೇಕು ಎಂದುಕೊಂಡೆ. ಸೂಯೆಜ್‌ನಲ್ಲಿ ಅವರಿಗೆ ಹೊಟ್ಟೆ ಕೆಟ್ಟಿತ್ತು. ಮಾಲ್ಟಾದಲ್ಲಿ ಹೇಳೋಣ ಎಂದರೆ ಅಲ್ಲಿ ಅವರ ಗೆಳೆಯರು ಹಡಗು ಹತ್ತಿದರು. ಆ ಗೆಳೆಯರ ಮುಂದೆ ನನ್ನ ಬೆನ್ನು ತಟ್ಟಿ, "ಇವನ ಅನುವಾದದಲ್ಲಿ ಕೂದಲೆಳೆ ವ್ಯತ್ಯಾಸ ಸಿಗಲ್ಲ, ಬೇಕಾದ್ರೆ ಪಣ ಕಟ್ಟಿ" ಎಂದರು. ಆಮೇಲೆ ಹೇಳುವುದು ಹೇಗೆ? ಹೇಡಿಗೆ ಈ ಬಂದರಿಗಿಂತ ಮುಂದಿನ ಬಂದರೇ ಯಾವಾಗಲೂ ವಾಸಿ ಎಂದು ಕಾಣುತ್ತದೆ.

ಲಂಡನ್ನಿನ ಆ ಕೋಣೆ ಈಗಲೂ ಕಣ್ಣ ಮುಂದಿದೆ. ಮೇ ತಿಂಗಳಾದರೂ ಒಲೆಯಲ್ಲಿ ಬೆಂಕಿ. ಮೇಜಿನ ಆ ಕಡೆ ಮಿಸ್ಟರ್ ಗ್ಯಾಸ್ಕ್, ಮಂತ್ರಿಗಳ ಕೈಕೆಳಗಿನ ಅಧಿಕಾರಿ. ತೆಳ್ಳಗಿನ, ಬೋಳುತಲೆಯ, ನಿಧಾನ ಮಾತಿನ ಮನುಷ್ಯ. ಈ ಕಡೆ ಥಾರ್ಲಿ ಸಾಹೇಬರು. ಗೋಡೆಯ ಪಕ್ಕದ ಕುರ್ಚಿಯಲ್ಲಿ ನಾನು, ತೊಡೆಯ ಮೇಲೆ ಹಳದಿ ಚೀಲ. ಮೂರು ದಿನ ಮಾತು ನಡೆಯಿತು. ಮೊದಲೆರಡು ದಿನ ದಂಡು, ಫಿರಂಗಿ ದೋಣಿ, ತವರ, ನೆರೆಯ ರಾಜ್ಯಗಳು ಎಂದು ಊರ ಸುತ್ತಿನ ಮಾತು. ಮೂರನೆಯ ದಿನ ಗ್ಯಾಸ್ಕ್ ಸಾಹೇಬರು ಕಡತ ಮುಚ್ಚಿ ಅದರ ಮೇಲೆ ಕೈಯಿಟ್ಟರು.

"ನೋಡಿ ಥಾರ್ಲಿ," ಎಂದರು, "ಆ ಹುಡುಗನ್ನ ಗಾದಿಯಿಂದ ಎಳೆದು ಹಾಕೋಕೆ ಇಲ್ಲಿ ಯಾರಿಗೂ ಇಷ್ಟ ಇಲ್ಲ. ಶರಣಾದೆ ಅನ್ನೋ ಅರ್ಥ ಬರೋ ಒಂದೇ ಒಂದು ಸಾಲು ತೋರಿಸಿ. ಅರ್ಧ ಸಾಲಾದ್ರೂ ಪರವಾಗಿಲ್ಲ. ಈಗಲೇ ಮಂತ್ರಿಗಳ ಹತ್ರ ಹೋಗಿ ಇದನ್ನ ಮುಗಿಸಿಬಿಡ್ತೀನಿ. ಇದೆಯೋ ಇಲ್ವೋ?"

"ಇದ್ದಿದ್ರೆ ನಾನು ಬಚ್ಚಿಡ್ತಿದ್ನೇ? ಮುನ್ಷಿ ಇಲ್ಲೇ ಕೂತಿದಾನಲ್ಲ, ಅವನನ್ನೇ ಕೇಳಿ," ಎಂದರು ನಮ್ಮ ಸಾಹೇಬರು.

ಗ್ಯಾಸ್ಕ್ ನನ್ನ ಕಡೆ ತಿರುಗಿದರು. ಇಷ್ಟು ವರ್ಷದಲ್ಲಿ ಯಾವ ಬಿಳಿಯನೂ ನನ್ನ ಉತ್ತರಕ್ಕಾಗಿ ಹಾಗೆ ಕಾದದ್ದಿಲ್ಲ. ಬಾಯಿ ತೆರೆದರೆ ಒಂದು ರಾಜ್ಯ ಉಳಿಯುತ್ತಿತ್ತು. ನಾನು, "ಇಲ್ಲ ಸರ್" ಎಂದೆ.

ಅವರಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ ಎಂದು ಕಾಣುತ್ತದೆ. "ಆ ಹಳದಿ ಚೀಲದಲ್ಲಿ ಏನು?" ಎಂದರು. ಮೂಲ ಕಾಗದ ಎಂದೆ. ತೆಗೆದು ಕೊಟ್ಟೆ. ಅವರಿಗೆ ಒಂದಕ್ಷರ ಬಾರದು, ಆದರೂ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಮೇಲಿಂದ ಕೆಳಗೆ ನೋಡಿದರು. ನಿಮ್ಮಪ್ಪನ ಅಕ್ಷರ ಹಾಗೆ ನೋಡುವಂಥದೇ ಅಲ್ಲವೇ. ನೋಡಿ ಏನು ಕೇಳಿದರು ಗೊತ್ತೇ ಕಲ್ಸೋಮ್? "ಚೆನ್ನಾಗಿದೆ. ಅಲ್ಲಯ್ಯಾ, ಇಷ್ಟು ದೊಡ್ಡ ಮೊಹರನ್ನ ಇಷ್ಟು ಕೆಳಗೆ ಯಾಕೆ ಒತ್ತಿದಾರೆ?" ಎಂದು ಕೇಳಿದರು.

ದೇವರು ಮನುಷ್ಯನಿಗೆ ಇದಕ್ಕಿಂತ ಹೆಚ್ಚು ಸಲ ಬಾಗಿಲು ತೆರೆದು ಕೊಡುವುದಿಲ್ಲ. ನಾನು, "ಮೇಲೆ ಜಾಗ ಸಾಲಲಿಲ್ಲ ಅನ್ಸುತ್ತೆ ಸರ್" ಎಂದೆ.

ಗ್ಯಾಸ್ಕ್ ನಿಟ್ಟುಸಿರು ಬಿಟ್ಟು ಕಡತದ ಅಂಚಿನಲ್ಲಿ ಏನೋ ಬರೆದು ರುಜು ಹಾಕಿದರು. ರೆಂಗಸ್ ರಾಜ್ಯ ಮುಗಿದದ್ದು ಅಲ್ಲಿ. ಗುಂಡಿನಿಂದಲ್ಲ, ಫಿರಂಗಿಯಿಂದಲ್ಲ.

ಮುಂದಿನದು ನಿನಗೇ ಗೊತ್ತು. ದ್ವೀಪಕ್ಕೆ ಗಡೀಪಾರಾದ ಇಪ್ಪತ್ತಾರು ಜನ ಹೊಳೆಯ ದಕ್ಕೆಯ ಮೇಲೆ ಗಂಟುಮೂಟೆ ಇಟ್ಟುಕೊಂಡು ನಿಂತಿದ್ದರು. ಸುಲ್ತಾನರು ಹಡಗು ಹತ್ತುವ ಮುಂಚೆ ನಿಮ್ಮಪ್ಪನ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ, "ಹಾಜಿ, ನಿನ್ನ ಲೇಖನಿ ನನ್ನ ರಾಜ್ಯ ತಿಂತು" ಎಂದರು. ಅವರನ್ನು ನಾನು ದೂರುವುದಿಲ್ಲ. ನಿಮ್ಮಪ್ಪ ಮಸಿಪೆಟ್ಟಿಗೆಯನ್ನು ಹೊಳೆಗೆ ಬಿಟ್ಟರು. ಅದು ತೇಗದ್ದು, ಮುಚ್ಚಳ ಬಿಗಿಯಾಗಿತ್ತು, ಒಡನೆ ಮುಳುಗಲಿಲ್ಲ. ನಾವೆಲ್ಲ ಅದು ತೇಲುತ್ತಾ ಹೋಗುವುದನ್ನು ನೋಡುತ್ತಾ ನಿಂತಿದ್ದೆವು.

ಆಗ ನೀನು ನನ್ನ ತೋಳು ಹಿಡಿದು, "ಅಬಾಂಗ್, ನಿಜ ಹೇಳಿ, ಅಪ್ಪನ ಕಾಗದ ಹೇಗಿತ್ತು?" ಎಂದು ಕೇಳಿದೆ. ನಾನು, "ಸ್ವಲ್ಪ ಒರಟಾಗಿತ್ತು" ಎಂದೆ. ನಿನ್ನ ಮುಖ ಇಳಿದದ್ದನ್ನು ಕಂಡೆ. "ಹಾಗಾದ್ರೆ ನಾನು ಅಪ್ಪನ ಜೊತೆ ಹೋಗ್ಬೇಕು. ಅವರನ್ನ ಈ ಅವಮಾನದ ಜೊತೆ ಒಬ್ಬರನ್ನೇ ಕಳಿಸೋಕಾಗಲ್ಲ. ನೀವೂ ಬನ್ನಿ" ಎಂದೆ ನೀನು. ನಾನು ಕಚೇರಿ, ರಜೆ, ಸಾಹೇಬರು ಎಂದು ಏನೇನೋ ಗೊಣಗಿದೆ. ನೀನು ಮತ್ತೆ ಕೇಳಲಿಲ್ಲ. ಹದಿನೈದು ವರ್ಷವಾಯಿತು. ಜನ ನನ್ನನ್ನು, ಹೆಂಡತಿ ಬಿಟ್ಟುಹೋದ ಮುನ್ಷಿ ಎನ್ನುತ್ತಾರೆ. ನಾನು ತಿದ್ದಲಿಲ್ಲ, ಸುಮ್ಮನೆ ಕನಿಕರ ಮಾಡಿಸಿಕೊಂಡೆ.

ನಿಮ್ಮಪ್ಪ ನನ್ನ ಮೇಲೆ ಒಂದೇ ಒಂದು ಸಲ ಸಂಶಯ ಪಟ್ಟಿದ್ದರೂ ನನಗೆ ಇಷ್ಟು ಭಾರವಾಗುತ್ತಿರಲಿಲ್ಲ. "ಜಮಾಲ್ ತಲೆ ಓದೇ ಇರ್ತಾನೆ. ಅವನು ಓದಿಯೂ ಕೆಲಸ ಆಗ್ಲಿಲ್ಲ ಅಂದ್ರೆ ತಪ್ಪು ನಂದೇ," ಎನ್ನುತ್ತಿದ್ದರೆಂದು ನೀನು ಬರೆದಿದ್ದೆ. ನನ್ನನ್ನು ನಂಬಿದ್ದರಿಂದಲೇ ತಮ್ಮನ್ನು ತಾವು ಹಳಿದುಕೊಂಡು ಸತ್ತರು. ಮೊದಮೊದಲು ಅವರು ಹದಿನೆಂಟು ಶಿಷ್ಯರ ಎದುರು ನಾನು ಬರೆದ ತಲೆಯನ್ನು ಎತ್ತಿ ಹಿಡಿದು, "ಇದು ತಲೆಯಲ್ಲ ಕಣ್ರೋ, ಕುಂಬಳಕಾಯಿ" ಎಂದು ನಗಿಸಿದ್ದು ನಿನಗೆ ನೆನಪಿರಬೇಕು, ಬಾಗಿಲ ಸಂದಿನಿಂದ ನೀನೂ ನಕ್ಕಿದ್ದೆ. ನನಗೆ ಗವರ್ನರ್ ಕಚೇರಿಯಲ್ಲಿ ಕೆಲಸ ಸಿಕ್ಕಾಗ, "ಇವನಿಗೆ ಕೈ ಇದೆ, ಕಿವಿ ಇಲ್ಲ. ಬಿಳಿಯರ ಹತ್ರ ಕೈ ಇದ್ರೆ ಸಾಕು ಬಿಡಿ" ಎಂದಿದ್ದರು. ಅದೆಲ್ಲ ಗುರುಗಳ ತಮಾಷೆ. ನಾನು ಅದನ್ನು ಎಂದೋ ಮರೆತಿದ್ದೆ.

ಈಗಿನ ಸುದ್ದಿಗೆ ಬರುತ್ತೇನೆ. ಕಳೆದ ವರ್ಷ ಹೊಸ ಗವರ್ನರ್ ಬಂದಿದ್ದಾರೆ, ಸರ್ ಹ್ಯೂ ಲ್ಯಾಂಬೋರ್ನ್. ತುಂಕು ಅವರು ಊರಿಗೆ ಮರಳಲು ಕೇಳಿಕೊಂಡ ಐದನೆಯ ಅರ್ಜಿ ಇವರ ಮೇಜಿಗೆ ಬಂತು. ಹಿಂದಿನ ನಾಲ್ಕೂ ಏನಾದವೆಂದು ಕೇಳಬೇಡ. ಇವರು ಲಂಡನ್ನಿಗೆ ತಂತಿ ಕೊಟ್ಟು ವಿಚಾರಿಸಿದರು. ಗ್ಯಾಸ್ಕ್ ಈಗ ಅಲ್ಲಿ ದೊಡ್ಡ ಸಾಹೇಬರು, ಸರ್ ಎನ್ನಿಸಿಕೊಂಡಿದ್ದಾರೆ. ಅವರ ಉತ್ತರ ಹದಿನೈದು ವರ್ಷದ ಹಿಂದಿನದೇ: ಆ ಮನುಷ್ಯ ಎಂದಾದರೂ ಶರಣಾಗಿದ್ದನೇ? ಒಂದು ಸಾಲು ಇದೆಯೇ?

ಲ್ಯಾಂಬೋರ್ನ್ ಸಾಹೇಬರು ಪಿಂಚಣಿಯಲ್ಲಿರುವ ನನ್ನನ್ನು ಕರೆಸಿದರು. ಕಡತದಲ್ಲಿ ಇದ್ದದ್ದು ಅನುವಾದ ಮಾತ್ರ. ಮೂಲ ಎಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ. ಅದು ಲಂಡನ್ನಿನಿಂದ ಬಂದಾಗಿನಿಂದ ನನ್ನ ಪೆಟ್ಟಿಗೆಯ ತಳದಲ್ಲಿತ್ತು, ನಿನ್ನ ಮದುವೆಯ ಬಟ್ಟೆಯ ಕೆಳಗೆ. ಮನೆಗೆ ಹೋಗಿ ತಂದು ಅವರ ಮೇಜಿನ ಮೇಲಿಟ್ಟೆ. ತಲೆಯನ್ನು ಒಂದೊಂದೇ ಪದ ಇಂಗ್ಲಿಷಿನಲ್ಲಿ ಓದಿದೆ. ಮೊಹರು ತೋರಿಸಿದೆ. ಏಡನ್, ಮಾಲ್ಟಾ, ಆ ಕೋಣೆ, ಜಾಗ ಸಾಲಲಿಲ್ಲ ಎಂದದ್ದು, ಎಲ್ಲ ಹೇಳಿದೆ.

ಸಾಹೇಬರು ಮೊಹರನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ, "ಅಯ್ಯೋ ಪುಣ್ಯಾತ್ಮ, ಇದನ್ನ ಹೇಳೋಕೆ ಹದಿನೈದು ವರ್ಷ ಬೇಕಾಯ್ತೇ?" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಹತ್ತು ದಿನ ತಂತಿಗಳು ಓಡಾಡಿದವು. ನಿನ್ನೆ ಕೊನೆಯ ತೀರ್ಮಾನ ಬಂತು. ಸುಲ್ತಾನರು ಊರಿಗೆ ಮರಳಬಹುದು. ಗಾದಿ ಇಲ್ಲ, ಹೊಳೆದಂಡೆಯಲ್ಲಿ ಮನೆ ಉಂಟು. ಆದರೆ ಒಂದು ಕರಾರು. ಹಳೆಯ ಕಾಗದದ ಮಾತು ಎಲ್ಲೂ ಬರಕೂಡದು. ಸುಲ್ತಾನರು ಈಗ, ಹೊಸದಾಗಿ, ಇವತ್ತಿನ ತಾರೀಖು ಹಾಕಿ, ಶರಣಾದೆನೆಂದು ಬರೆದು ಕೊಡಬೇಕು.

"ಸರ್ಕಾರ ತಪ್ಪು ಮಾಡಿಲ್ಲ ಅಂತಾನೂ ಆಗ್ಬೇಕು, ಅವರು ಬರೋದೂ ಆಗ್ಬೇಕು. ಗ್ಯಾಸ್ಕ್ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಬರಲ್ಲ ಮುನ್ಷಿ," ಎಂದರು ಲ್ಯಾಂಬೋರ್ನ್.

"ಹಾಗಾದರೆ ಹಾಜಿ ಸಮಾನರ ಹೆಸರು, ಸರ್?" ಎಂದೆ.

"ಅದು ಯಾರು?" ಎಂದರು.

ಹೇಳಿದೆ. ಕೇಳಿದರು. ಒಳ್ಳೆಯ ಮನುಷ್ಯ, ನಿಜವಾಗಿಯೂ ಕೇಳಿದರು. ಕೊನೆಗೆ ಹಳದಿ ಚೀಲವನ್ನು ನನ್ನ ಕಡೆ ಸರಿಸಿ, "ಕಡತದಲ್ಲಿ ಇಲ್ಲದ ಕಾಗದ ನನ್ನ ಮೇಜಿನ ಮೇಲೂ ಇಲ್ಲ. ತಗೊಂಡು ಹೋಗಿ. ಎಲ್ಲಿಗೆ ಅಂತ ನಾನು ಕೇಳಲ್ಲ," ಎಂದರು.

ಆದ್ದರಿಂದ ಕಲ್ಸೋಮ್, ತುಂಕು ಅವರಿಗೆ ಹೇಳು. ಹೊಸದಾಗಿ ಯಾರಿಂದಲೂ ಏನನ್ನೂ ಬರೆಸುವುದು ಬೇಡ. ಇದರ ಜೊತೆ ನಿಮ್ಮಪ್ಪನ ಕಾಗದದ ನಕಲು ಇಟ್ಟಿದ್ದೇನೆ. ಅದರ ತಲೆಯನ್ನು ಅಕ್ಷರ ಬಿಡದೆ ನೀನೇ ಎತ್ತಿ ಬರೆ. ನಿನ್ನ ಅಕ್ಷರ ನಿಮ್ಮಪ್ಪನದಕ್ಕೆ ಎಷ್ಟೋ ಹತ್ತಿರ. ಕಟ್ಟೆ, ಬಿದಿರು, ಹೊಳೆಯ ನೀರು ಯಾವುದೂ ಈಗ ಬೇಕಿಲ್ಲ, ತಲೆಯೊಂದೇ ಸಾಕು. ಮೊಹರನ್ನು ಕೆಳಗೆ, ಅವರು ಒತ್ತಿದ ಜಾಗದಲ್ಲೇ ಒತ್ತಿಸು. ಅದನ್ನು ಅನುವಾದ ಮಾಡಲು ನನ್ನನ್ನೇ ಕರೆಸುತ್ತಾರೆ. ಈ ಸಲ ಒಂದು ಪದವನ್ನೂ ಬಿಡುವುದಿಲ್ಲ. ಇಪ್ಪತ್ತಾರು ಜನರಲ್ಲಿ ಉಳಿದಿರುವವರು ನಿಮ್ಮಪ್ಪನ ಮಾತಿನಿಂದಲೇ ಊರಿಗೆ ಬರಲಿ. ಲಂಡನ್ನಿನಲ್ಲಿ ಯಾರಿಗೂ ಅದು ತಿಳಿಯುವುದಿಲ್ಲ. ನಿಮಗೆ ತಿಳಿದಿರುತ್ತದೆ.

ಆಮೇಲೆ ಅವರ ಸಮಾಧಿಯ ಹತ್ತಿರ ಹೋಗಿ ನಿನ್ನ ಪ್ರಶ್ನೆಯ ಉತ್ತರ ಹೇಳು. ಕಾಗದದಲ್ಲಿ ತಪ್ಪು ಎಲ್ಲೂ ಇರಲಿಲ್ಲ. ನಾನು ಕಂಡ ಕಾಗದಗಳಲ್ಲೇ ಅಂಥ ತಲೆ ಇನ್ನೊಂದಿಲ್ಲ. ಓದಿದವನು ಸರಿಯಿರಲಿಲ್ಲ.

ಇಂತು ನಿನ್ನ ಗಂಡನೆಂದು ಕರೆದುಕೊಳ್ಳಲು ಹಕ್ಕು ಉಳಿದಿದೆಯೋ ಇಲ್ಲವೋ ತಿಳಿಯದ,
ಜಮಾಲುದ್ದೀನ್ ಬಿನ್ ಮೈದೀನ್

ಮರೆತ ಮಾತು: ಮೇಲಿನದರಲ್ಲಿ ಒಂದು ಸುಳ್ಳು ಉಳಿದುಬಿಟ್ಟಿದೆ. ಲ್ಯಾಂಬೋರ್ನ್ ಸಾಹೇಬರಿಗೂ ಅದನ್ನೇ ಹೇಳಿದೆ. ಅಂಟು ಹಚ್ಚುವ ಮುಂಚೆ ಮತ್ತೆ ಓದಿದೆ, ಕಳಿಸಲು ಮನಸ್ಸಾಗಲಿಲ್ಲ. ತಲೆಯನ್ನು ನಾನು ಮೊದಲು ಓದಿದ್ದು ಏಡನ್ನಿನಲ್ಲಲ್ಲ. ಹಾಜಿ ಸಮಾನರ ಶಿಷ್ಯನಾದವನು ಯಾವ ಕಾಗದ ತೆರೆದರೂ ಮೊದಲು ತಲೆಯನ್ನೇ ಓದುತ್ತಾನೆ. ಕಾಗದ ಬಂದ ದಿನವೇ ಓದಿದೆ, ಓದಿದ ಕೂಡಲೇ ಅರ್ಥವಾಯಿತು. ಎಷ್ಟು ಚೆನ್ನಾಗಿತ್ತೆಂದರೆ ಹೊಟ್ಟೆ ಉರಿಯಿತು. ಕುಂಬಳಕಾಯಿಯ ಮಾತನ್ನು ನಾನು ಮರೆತಿರಲಿಲ್ಲ ಕಲ್ಸೋಮ್, ಒಂದು ದಿನವೂ ಮರೆತಿರಲಿಲ್ಲ. ನೋಡಿ ಗುರುಗಳೇ, ನಿಮ್ಮ ಈ ಇಡೀ ವಿದ್ಯೆಗೆ ನನ್ನ ಕಚೇರಿಯಲ್ಲಿ ಮೂರು ಪದದ ಬೆಲೆ ಎಂದು ಮನಸ್ಸಿನಲ್ಲೇ ಅಂದುಕೊಂಡು, ಆ ಮೂರು ಪದ ಬರೆದೆ. ಇಷ್ಟು ದೊಡ್ಡದಾಗುತ್ತದೆ ಎಂದು ತಿಳಿದಿರಲಿಲ್ಲ. ಥಾರ್ಲಿ ಇನ್ನೊಮ್ಮೆ ಕೇಳುತ್ತಾರೆ, ಆಗ ಹೇಳಿದರಾಯಿತು ಎಂದುಕೊಂಡಿದ್ದೆ. ಅವರು ಕೇಳಲಿಲ್ಲ. ಕೇಳಿದವರು ಗ್ಯಾಸ್ಕ್.

ಇನ್ನೊಂದು. ಈ ಕಾಗದದ ತಲೆಯನ್ನು ಬಿಟ್ಟು ಮುಂದಕ್ಕೆ ಓದು ಎಂದು ಮೇಲೆ ಬರೆದಿದ್ದೇನೆ. ಹಳದಿ ಚೀಲ ನನ್ನ ಹತ್ತಿರ ಇದೆ, ನಿಮ್ಮ ದ್ವೀಪಕ್ಕೆ ಬರುವ ಹಡಗಿನಲ್ಲಿ ಜಾಗ ಗೊತ್ತು ಮಾಡಿಯಾಗಿದೆ. ನಿನ್ನನ್ನು ಕೇಳಬೇಕಾದದ್ದನ್ನೆಲ್ಲ ಅಲ್ಲೇ ಕೇಳಿದ್ದೇನೆ. ತಲೆಯನ್ನು ಇನ್ನೊಮ್ಮೆ ಓದು.